ಪಶುವೈದ್ಯರ ಓದು ಪದವಿಗೆ ನಿಲ್ಲಬಾರದು

ಹಸು ಕೊಳ್ಳಲು ಹೊರಟ ರೈತ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಕೆಚ್ಚಲು ಮುಟ್ಟುತ್ತಾನೆ, ಎರಡು ಹೊತ್ತು ಕರೆಸಿ ಹಾಲು ಅಳೆಸುತ್ತಾನೆ. 60-70 ಸಾವಿರ ರೂಪಾಯಿ ಎಣಿಸಿ ಕೊಡುವ ಮುಂಚೆ ಇಷ್ಟು ಎಚ್ಚರ ಇರಲೇಬೇಕು. ಅದೇ ಹಸು ನಾಳೆ ಮೇವು ಬಿಟ್ಟು ನಿಂತರೆ ದನದ ಡಾಕ್ಟರನ್ನು ಕರೆಯುತ್ತೇವೆ. ಅವರು ಕೊಟ್ಟ ಮದ್ದನ್ನು ಕಣ್ಣಿಗೊತ್ತಿಕೊಂಡು ಹಾಕುತ್ತೇವೆ. ಆದರೆ ಅವರಿಗೆ ಹೊಸ ರೋಗ, ಹೊಸ ಮದ್ದು, ಹೊಸ ಪರೀಕ್ಷೆಗಳ ತಿಳಿವಳಿಕೆ ಕಾಲಕಾಲಕ್ಕೆ ಸಿಗುತ್ತಿದೆಯೇ ಎಂದು ನಾವು ಯಾರೂ ವಿಚಾರಿಸುವುದಿಲ್ಲ.

ಈ ಪ್ರಶ್ನೆಯನ್ನು ಕೊಟ್ಟಿಗೆಯಲ್ಲಿ ನಿಂತು ವೈದ್ಯರಿಗೆ ಕೇಳುವುದು ಸರಿಯಲ್ಲ. ಕೇಳಬೇಕಾದದ್ದು ಸರ್ಕಾರಕ್ಕೆ, ಪಶುವೈದ್ಯ ಪರಿಷತ್ತಿಗೆ, ಹಾಲು ಒಕ್ಕೂಟಕ್ಕೆ. ಪಶುವೈದ್ಯರ ನಿರಂತರ ಶಿಕ್ಷಣ ಕೇವಲ ಇಲಾಖೆಯ ಒಳಗಿನ ವಿಷಯವಲ್ಲ. ಅದರ ಲಾಭ ನಷ್ಟ ಎರಡೂ ಕೊನೆಗೆ ಬಂದು ಬೀಳುವುದು ನಿಮ್ಮ ಕೊಟ್ಟಿಗೆಯಲ್ಲಿ. ಬೆಳೆಯ ವಿಷಯ ಹೇಳುವ ಕೃಷಿ ಅಧಿಕಾರಿಗೆ ದನದ ಡಾಕ್ಟರರ ಗೊಡವೆ ಏಕೆ ಎಂದು ನೀವು ಕೇಳಬಹುದು. ಮಳೆ ಕೈಕೊಟ್ಟ ವರ್ಷ ನಮ್ಮ ಒಣಭೂಮಿಯ ರೈತನ ಮನೆ ನಡೆಸುವುದು ಹಾಲಿನ ಸೊಸೈಟಿಯ ಬಟವಾಡೆ. ಹೊಲಕ್ಕೆ ಗೊಬ್ಬರ ಬರುವುದೂ ಅದೇ ಕೊಟ್ಟಿಗೆಯಿಂದ. ಆದ್ದರಿಂದ ಈ ಮಾತನ್ನು ನಾನು ಹೊರಗಿನವನಾಗಿ ಆಡುತ್ತಿಲ್ಲ.

ಒಂದು ಪದವಿ, ಮೂವತ್ತೈದು ವರ್ಷ

ಪಶುವೈದ್ಯ ಪದವಿ ಸುಲಭದ ಓದಲ್ಲ. ಒಂದು ವರ್ಷದ ಕಡ್ಡಾಯ ಪ್ರಾಯೋಗಿಕ ತರಬೇತಿಯೂ ಸೇರಿ ಐದೂವರೆ ವರ್ಷ ಬೇಕು. ದನ, ಎಮ್ಮೆ, ಕುರಿ, ಆಡು, ಕೋಳಿ, ಹಂದಿ, ನಾಯಿ, ಕುದುರೆ ಎಲ್ಲವನ್ನೂ ಅವರು ಕಲಿಯಬೇಕು. ಇಪ್ಪತ್ತನಾಲ್ಕು ಇಪ್ಪತ್ತೈದರ ವಯಸ್ಸಿಗೆ ಸರ್ಕಾರಿ ಸೇವೆಗೆ ಸೇರಿದರೆ ಅರವತ್ತಕ್ಕೆ ನಿವೃತ್ತಿ. ಅಂದರೆ ಯೌವನದಲ್ಲಿ ಕಲಿತ ಒಂದು ಪದವಿಯ ಬಲದಲ್ಲಿ ಮೂವತ್ತೈದು ವರ್ಷ ಕೆಲಸ ನಡೆಯಬೇಕು.

ಈ ಅವಧಿಯಲ್ಲಿ ನಿಮ್ಮ ಹೊಲದಲ್ಲಿ ಎಷ್ಟು ಬದಲಾವಣೆಯಾಗಿದೆ ನೋಡಿ. ಬಿತ್ತುವ ತಳಿ ಬದಲಾಯಿತು, ಹುಳು ಬದಲಾಯಿತು, ಔಷಧಿ ಬದಲಾಯಿತು. ಕೊಟ್ಟಿಗೆಯಲ್ಲಿಯೂ ಹಾಗೆಯೇ. ನಾಟಿ ಹಸುವಿನ ಜಾಗಕ್ಕೆ ಮಿಶ್ರತಳಿ ಬಂದಿತು. ಅದರ ಹಿಂದೆಯೇ ಕೆಚ್ಚಲು ಬಾವು, ಹಾಲು ಜ್ವರ, ಉಣ್ಣೆಯಿಂದ ಬರುವ ಥೈಲೇರಿಯಾ ರೋಗ, ಬೆದೆಗೆ ಬಾರದಿರುವ ತೊಂದರೆಗಳು ಹೆಚ್ಚಿದವು. ವೈದ್ಯರ ತಿಳಿವಳಿಕೆ ಮಾತ್ರ ಪದವಿ ಪಡೆದ ವರ್ಷದಲ್ಲಿಯೇ ನಿಂತಿರಲಿ ಎಂದರೆ ಹೇಗೆ?

ಓದುವಾಗ ಇಲ್ಲದ ರೋಗಗಳು

ಚರ್ಮಗಂಟು ರೋಗವನ್ನೇ ತೆಗೆದುಕೊಳ್ಳಿ. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 2019ರಲ್ಲಿ, ಒಡಿಶಾ ರಾಜ್ಯದಲ್ಲಿ. ಅದಕ್ಕೆ ಮುಂಚೆ ಓದಿ ಬಂದ ವೈದ್ಯರಿಗೆ ಇದು ಪುಸ್ತಕದಲ್ಲಿ ಆಫ್ರಿಕದ ರೋಗವಾಗಿ ಬರುತ್ತಿತ್ತೇ ಹೊರತು ಕಣ್ಣಾರೆ ಕಂಡ ರೋಗವಾಗಿರಲಿಲ್ಲ. 2022ರಲ್ಲಿ ಇದು ದೇಶದಲ್ಲೆಲ್ಲ ಹರಡಿ ಒಂದು ಲಕ್ಷಕ್ಕೂ ಹೆಚ್ಚು ದನಗಳನ್ನು ಬಲಿ ತೆಗೆದುಕೊಂಡಿತು. ನಮ್ಮ ರಾಜ್ಯವೂ ಆ ಹೊಡೆತದಿಂದ ತಪ್ಪಿಸಿಕೊಳ್ಳಲಿಲ್ಲ.

ಇದು ವೈರಾಣು ರೋಗ. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಇದನ್ನು ಹರಡುತ್ತವೆ. ವೈರಾಣುವನ್ನೇ ಕೊಲ್ಲುವ ಮದ್ದು ಇಲ್ಲ. ಗಾಯಕ್ಕೆ ಬೇರೆ ಸೋಂಕು ತಗುಲದಂತೆ, ಜ್ವರ ಇಳಿಯುವಂತೆ, ದನ ಮೇವು ತಿನ್ನುವಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಆಗ ಆಡಿನ ಸಿಡುಬಿನ ಲಸಿಕೆಯನ್ನು ದನಗಳಿಗೆ ಹಾಕಿ ರಕ್ಷಣೆ ಕೊಡಲಾಯಿತು. ಅದೇ ವೈರಾಣುವಿನಿಂದ ತಯಾರಿಸಿದ ದೇಶೀಯ ಲಸಿಕೆಯನ್ನು ವಿಜ್ಞಾನಿಗಳು 2022ರ ಆಗಸ್ಟಿನಲ್ಲಿ ಪ್ರಕಟಿಸಿದರು. ಒಂದು ದನಕ್ಕೆ ಚುಚ್ಚಿದ ಸೂಜಿಯನ್ನು ಇನ್ನೊಂದಕ್ಕೆ ಬಳಸಬಾರದು, ರೋಗ ಬಂದ ದನಕ್ಕೆ ಲಸಿಕೆ ಹಾಕಬಾರದು, ಕಾಯಿಲೆಯ ದನವನ್ನು ಬೇರೆ ಕಟ್ಟಬೇಕು ಎಂಬ ವಿಷಯಗಳು ಹಳ್ಳಿ ಹಳ್ಳಿಗೆ ತಲುಪಬೇಕಾಗಿತ್ತು. ಇಂಥ ತಿಳಿವಳಿಕೆ ರೋಗಕ್ಕಿಂತ ಮುಂಚೆ ವೈದ್ಯರ ಕೈ ಸೇರಿದ್ದರೆ ದನ ಉಳಿಯುತ್ತದೆ. ರೋಗ ಬಂದ ಮೇಲೆ ಸುತ್ತೋಲೆ ಬಂದರೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಇದೊಂದೇ ಅಲ್ಲ. ಆಡು ಕುರಿಗಳನ್ನು ಹಿಂಡುಹಿಂಡಾಗಿ ಕೊಲ್ಲುವ ಪಿ.ಪಿ.ಆರ್. ರೋಗ ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದು 1987ರಲ್ಲಿ, ನೆರೆಯ ತಮಿಳುನಾಡಿನಲ್ಲಿ. 2013ರಲ್ಲಿ ನಮ್ಮ ರಾಜ್ಯದಲ್ಲಿ ಕಾಲುಬಾಯಿ ಬೇನೆ ಹರಡಿ ಸಾವಿರಾರು ದನಗಳು ಸತ್ತದ್ದನ್ನು ನೀವು ಮರೆತಿರಲಾರಿರಿ. ಕಾಲುಬಾಯಿ ಬೇನೆ ಹಾಗೂ ಕಂದು ಹಾಕುವ ಬ್ರೂಸೆಲ್ಲ ರೋಗಗಳ ವಿರುದ್ಧ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮ ಆರಂಭವಾದದ್ದು 2019ರ ಸೆಪ್ಟೆಂಬರಿನಲ್ಲಿ. ಬ್ರೂಸೆಲ್ಲ ಲಸಿಕೆಯನ್ನು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ, ಜನ್ಮಕ್ಕೆ ಒಂದೇ ಸಲ ಹಾಕಬೇಕು. ಅದು ಜೀವಂತ ಲಸಿಕೆ. ಕೈ ತಪ್ಪಿ ಹಾಕುವವರಿಗೇ ಚುಚ್ಚಿದರೆ ಅಥವಾ ಕಣ್ಣಿಗೆ ಸಿಡಿದರೆ ಅವರಿಗೇ ರೋಗ ತಗಲಬಹುದು. ತರಬೇತಿಯಿಲ್ಲದೆ ಇಂಥದನ್ನು ಯಾರ ಕೈಗೂ ಕೊಡುವಂತಿಲ್ಲ.

ಕಲಿಕೆಯಿಂದ ಏನಾಗಬಲ್ಲುದು ಎಂಬುದಕ್ಕೆ ನಮ್ಮಲ್ಲೇ ದೊಡ್ಡ ನಿದರ್ಶನವಿದೆ. ನಿಮ್ಮ ಅಜ್ಜಂದಿರ ಕಾಲದಲ್ಲಿ ದೊಡ್ಡರೋಗ ಬಂದರೆ ಊರಿನ ಕೊಟ್ಟಿಗೆಗಳು ಬರಿದಾಗುತ್ತಿದ್ದವು. ಅದನ್ನು ಬೇರುಸಹಿತ ಕೀಳುವ ರಾಷ್ಟ್ರೀಯ ಯೋಜನೆ 1992ರಲ್ಲಿ ಆರಂಭವಾಯಿತು. ವರ್ಷಾನುಗಟ್ಟಲೆ ಲಸಿಕೆ ಹಾಕುವುದನ್ನೇ ರೂಢಿ ಮಾಡಿಕೊಂಡಿದ್ದ ವೈದ್ಯರು ಮುಂದಿನ ಹಂತದಲ್ಲಿ ಲಸಿಕೆ ನಿಲ್ಲಿಸಿ, ಹಳ್ಳಿಹಳ್ಳಿ ಹೊಕ್ಕು ರೋಗವನ್ನು ಹುಡುಕುವ, ಮಾದರಿ ಕಳಿಸುವ, ವರದಿ ಮಾಡುವ ಹೊಸ ವಿಧಾನವನ್ನು ಕಲಿಯಬೇಕಾಯಿತು. 2006ರಲ್ಲಿ ಭಾರತ ಈ ರೋಗದಿಂದ ಮುಕ್ತವೆಂದು ಮಾನ್ಯತೆ ಪಡೆಯಿತು. 2011ರಲ್ಲಿ ಪ್ರಪಂಚವೇ ಮುಕ್ತವಾಯಿತು. ಲಸಿಕೆಯ ಜೊತೆಗೆ ಅದನ್ನು ಹಿಡಿದ ಕೈಗಳಿಗೆ ಸಿಕ್ಕ ಶಿಕ್ಷಣವೂ ಈ ಗೆಲುವಿನ ಪಾಲುದಾರ.

ನಿನ್ನೆಯ ಮದ್ದು, ಇಂದಿನ ನಿಷೇಧ

ಹೊಸದನ್ನು ಕಲಿಯುವಷ್ಟೇ ಮುಖ್ಯ ಹಳೆಯದನ್ನು ಬಿಡುವುದು. ಡೈಕ್ಲೋಫೆನಾಕ್ ಎಂಬ ನೋವಿನ ಇಂಜೆಕ್ಷನ್ ಒಂದು ಕಾಲದಲ್ಲಿ ದನಗಳಿಗೆ ಧಾರಾಳವಾಗಿ ಬಳಕೆಯಲ್ಲಿತ್ತು. ಆ ಮದ್ದು ಪಡೆದು ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ ಎಂಬುದು 2004ರ ಹೊತ್ತಿಗೆ ಖಚಿತವಾಯಿತು. 2006ರಲ್ಲಿ ಪಶುಗಳಿಗಾಗಿ ಅದರ ತಯಾರಿಕೆಯನ್ನು ನಿಲ್ಲಿಸುವಂತೆ ಕೇಂದ್ರ ಸರ್ಕಾರ ಆದೇಶಿಸಿತು. ಮನುಷ್ಯರ ಹೆಸರಿನ ದೊಡ್ಡ ಸೀಸೆಗಳು ದನಗಳಿಗೆ ಹೋಗುವುದನ್ನು ತಡೆಯಲು 2015ರಲ್ಲಿ ಸೀಸೆಯ ಗಾತ್ರವನ್ನೇ 3 ಮಿಲಿಲೀಟರಿಗೆ ಮಿತಗೊಳಿಸಲಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್ ಎಂಬ ಇನ್ನೆರಡು ಮದ್ದುಗಳಿಗೂ ಪಶುಚಿಕಿತ್ಸೆಯಲ್ಲಿ ನಿಷೇಧ ಬಂದಿತು. ಮೆಲಾಕ್ಸಿಕಾಂ ಎಂಬ ಮದ್ದು ಅದೇ ಕೆಲಸ ಮಾಡುತ್ತದೆ, ಹದ್ದಿಗೂ ಅಪಾಯವಿಲ್ಲ. ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳು ಉಳಿಯುವುದೂ ಅಳಿಯುವುದೂ ಸುತ್ತಲಿನ ಹಳ್ಳಿಗಳಲ್ಲಿ ದನಕ್ಕೆ ಯಾವ ಇಂಜೆಕ್ಷನ್ ಬೀಳುತ್ತದೆ ಎಂಬುದರ ಮೇಲೆ ನಿಂತಿದೆ. ಹದ್ದು ಇಲ್ಲದ ಊರಿನಲ್ಲಿ ಸತ್ತ ದನ ಕೊಳೆಯುತ್ತದೆ, ಬೀದಿನಾಯಿ ಕೊಬ್ಬುತ್ತದೆ.

ಹಾಲಿನ ವಿಷಯಕ್ಕೆ ಬನ್ನಿ. ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ನಿಗದಿತ ದಿನಗಳವರೆಗೆ ಸೊಸೈಟಿಗೆ ಹಾಕಬಾರದು. ಎಷ್ಟು ದಿನ ಎಂದು ಸೀಸೆಯ ಲೇಬಲ್ಲಿನ ಮೇಲೆ ಇರಬೇಕೆಂಬ ನಿಯಮ 2012ರಲ್ಲಿ ಬಂದಿದೆ. ಆ ಮದ್ದಿಗೆ ಅವಧಿ ಖಚಿತವಾಗಿಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ ಕಾಯಬೇಕು. ಮದ್ದಿನ ಅಂಶವಿರುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂಡುವುದಿಲ್ಲ. ಇದನ್ನು ನಿಮ್ಮ ಮನೆಯ ಹೆಣ್ಣುಮಕ್ಕಳು ಕಂಡಿರಬಹುದು. ಅದೇ ಅಂಶ ಮಕ್ಕಳ ಹೊಟ್ಟೆ ಸೇರುತ್ತದೆ, ಮದ್ದಿಗೆ ಬಗ್ಗದ ರೋಗಾಣುಗಳನ್ನು ಬೆಳೆಸುತ್ತದೆ. ಮನುಷ್ಯರ ಕಟ್ಟಕಡೆಯ ಮದ್ದೆನಿಸಿದ ಕೊಲಿಸ್ಟಿನ್ ಅನ್ನು ಆಹಾರ ನೀಡುವ ಪ್ರಾಣಿಗಳಿಗೂ ಕೋಳಿಗಳಿಗೂ ಕೊಡಬಾರದೆಂದು 2019ರ ಜುಲೈನಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ.

ಕೆಚ್ಚಲು ಬಾವಿಗೆ ಒಂದು ಇಂಜೆಕ್ಷನ್ ನಾಟದಿದ್ದರೆ ಇನ್ನೊಂದು, ಅದೂ ನಾಟದಿದ್ದರೆ ಮತ್ತೊಂದು ಎಂದು ಬದಲಾಯಿಸುತ್ತ ಹೋದರೆ ರೈತನ ಜೇಬು ಬರಿದು, ಹಸುವಿನ ಮೊಲೆ ಬತ್ತಿ ಹೋಗುತ್ತದೆ. ಮದ್ದು ಹಾಕುವ ಮುಂಚೆಯೇ ಶುಚಿಯಾಗಿ ಹಾಲಿನ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿ, ಯಾವ ಮದ್ದಿಗೆ ಆ ರೋಗಾಣು ಸಾಯುತ್ತದೆಂದು ತಿಳಿದು ಕೊಡುವುದು ಸರಿಯಾದ ಕ್ರಮ. ಈ ಕ್ರಮ ಕಾಲೇಜಿನಲ್ಲಿ ಎಲ್ಲರಿಗೂ ಹೇಳಿಕೊಟ್ಟದ್ದೇ. ದಿನಕ್ಕೆ ಹತ್ತು ಹಳ್ಳಿ ಸುತ್ತುವ ಓಟದಲ್ಲಿ ಅದು ಮರೆಯಾಗುತ್ತದೆ. ಮತ್ತೆ ಮತ್ತೆ ನೆನಪಿಸುವ, ಕೈಯಲ್ಲಿ ಮಾಡಿಸುವ ಶಿಕ್ಷಣ ಬೇಕಾಗಿರುವುದು ಇದಕ್ಕಾಗಿಯೂ.

ಗರ್ಭಧಾರಣೆಯಲ್ಲಿಯೂ ಹೊಸ ವಿಧಾನಗಳು ಬಂದಿವೆ. ಹಸು ಗಬ್ಬವಾಗಿದೆಯೇ ಎಂದು ಕೈಪರೀಕ್ಷೆಯಿಂದ ಖಚಿತವಾಗಿ ಹೇಳಲು ಸುಮಾರು ಎರಡು ತಿಂಗಳು ಬೇಕು. ಸ್ಕ್ಯಾನಿಂಗ್ ಬಲ್ಲ ವೈದ್ಯರು ಸುಮಾರು ಒಂದು ತಿಂಗಳಿಗೇ ಹೇಳಬಲ್ಲರು. ಗಬ್ಬವಾಗದ ಹಸುವಿಗೆ 21 ದಿನಕ್ಕೊಂದು ಬೆದೆ ತಪ್ಪಿದರೂ ಅಷ್ಟು ದಿನದ ಹಿಂಡಿ ಬೂಸಾ ದಂಡ. ಹೆಣ್ಣು ಕರುವನ್ನೇ ಹೆಚ್ಚಾಗಿ ಕೊಡುವ ವೀರ್ಯದ ಕಡ್ಡಿಗಳು ಬಂದಿವೆ, ನೂರಕ್ಕೆ ತೊಂಬತ್ತರ ಹತ್ತಿರ ಹೆಣ್ಣು ಕರು ಸಿಗುತ್ತದೆ. ಆದರೆ ಗರ್ಭ ಕಟ್ಟುವ ಪ್ರಮಾಣ ಸಾಮಾನ್ಯ ಕಡ್ಡಿಗಿಂತ ಕಡಿಮೆ. ಯಾವ ಕಡಸಿಗೆ, ಬೆದೆಯ ಯಾವ ಹೊತ್ತಿನಲ್ಲಿ ಹಾಕಬೇಕೆಂಬ ಅನುಭವ ಇಲ್ಲದಿದ್ದರೆ ದುಬಾರಿ ಕಡ್ಡಿ ವ್ಯರ್ಥ.

ಕಾಯಿದೆ ಇದೆ, ಕೊಂಡಿ ಬೇಕು

1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆಯ ಪ್ರಕಾರ ಪರಿಷತ್ತಿನಲ್ಲಿ ನೋಂದಾಯಿಸಿದ ಪದವೀಧರರು ಮಾತ್ರ ಪಶುವೈದ್ಯ ವೃತ್ತಿ ನಡೆಸಬಹುದು. ಪಶು ಪರೀಕ್ಷಕರಂಥ ಸಿಬ್ಬಂದಿ ವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಚಿಕಿತ್ಸೆ ನೀಡಲು ರಾಜ್ಯ ಸರ್ಕಾರ ಅನುಮತಿ ಕೊಡಬಹುದು. ನೋಂದಣಿ ಉಳಿಸಿಕೊಳ್ಳಲು ಐದು ವರ್ಷಕ್ಕೊಮ್ಮೆ ನವೀಕರಣ ಶುಲ್ಕದ ವ್ಯವಸ್ಥೆಯೂ ಕಾಯಿದೆಯಲ್ಲಿದೆ. ಈ ನವೀಕರಣಕ್ಕೂ ಕಲಿಕೆಗೂ ಬಲವಾದ ಕೊಂಡಿ ಹಾಕಬೇಕೆಂಬುದೇ ನನ್ನ ವಾದ. ಶುಲ್ಕದ ರಸೀತಿಯ ಜೊತೆಗೆ ಇಷ್ಟು ಗಂಟೆ ಕಲಿತಿದ್ದೇನೆಂಬ ದಾಖಲೆಯೂ ಇರಲಿ.

ಇದು ಕೇಳಬಾರದ ಮಾತೇನಲ್ಲ. ಮನುಷ್ಯರ ವೈದ್ಯರು ಐದು ವರ್ಷದಲ್ಲಿ ಕನಿಷ್ಠ 30 ಗಂಟೆ ನಿರಂತರ ಶಿಕ್ಷಣದಲ್ಲಿ ಪಾಲ್ಗೊಳ್ಳಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2002ರ ನಿಯಮಾವಳಿಯಲ್ಲಿಯೇ ಹೇಳಿತ್ತು. ಇಂಗ್ಲೆಂಡಿನ ಪಶುವೈದ್ಯರು ವರ್ಷವೊಂದಕ್ಕೆ 35 ಗಂಟೆ ಕಲಿತ ಲೆಕ್ಕ ಒಪ್ಪಿಸಬೇಕು. ಅಷ್ಟೇ ಗಂಟೆ ನಮಗೂ ಬೇಕೆಂದು ನಾನು ಹೇಳುವುದಿಲ್ಲ. ವರ್ಷಕ್ಕೆ ಐದು ದಿನವಾದರೂ, ಒಬ್ಬರನ್ನೂ ಬಿಡದೆ, ತಪ್ಪದೆ ಸಿಗಲಿ.

ಈಗ ತರಬೇತಿಗಳೇ ಇಲ್ಲವೆಂದು ಅರ್ಥವಲ್ಲ. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯ, 1958ರಷ್ಟು ಹಳೆಯದಾದ ಹೆಬ್ಬಾಳದ ಪಶುವೈದ್ಯ ಕಾಲೇಜು, ಅಲ್ಲಿಯೇ ಇರುವ ಲಸಿಕೆ ತಯಾರಿಸುವ ಸಂಸ್ಥೆ, ಜಾನುವಾರು ರೋಗಗಳ ಮುನ್ಸೂಚನೆ ನೀಡುವ ಯಲಹಂಕದ ರಾಷ್ಟ್ರೀಯ ಸಂಸ್ಥೆ ಎಲ್ಲವೂ ನಮ್ಮ ರಾಜ್ಯದಲ್ಲಿಯೇ ಇವೆ. ಕಲಿಸಬಲ್ಲವರಿಗೆ ಕೊರತೆಯಿಲ್ಲ. ಆ ಕಲಿಕೆ ಹೋಬಳಿಯ ಆಸ್ಪತ್ರೆಯ ವೈದ್ಯರವರೆಗೆ ಕ್ರಮವಾಗಿ ಹರಿದು ಬರಬೇಕು. ಕೆರೆ ತುಂಬಿದ್ದರೆ ಸಾಲದು, ಕೊನೆಯ ಗದ್ದೆಗೆ ನೀರು ಹಾಯಬೇಕು.

ಕೃಷಿ ಇಲಾಖೆಯಲ್ಲಿ ಇದಕ್ಕೊಂದು ಹಳೆಯ ಮಾದರಿ ಇದೆ. 1970ರ ದಶಕದ ಕೊನೆಯ ವರ್ಷಗಳಲ್ಲಿ ಡೇನಿಯಲ್ ಬೆನೋರ್ ಎಂಬ ತಜ್ಞರು ರೂಪಿಸಿದ 'ತರಬೇತಿ ಮತ್ತು ಭೇಟಿ' ಪದ್ಧತಿ ದೇಶದ ಹಲವು ರಾಜ್ಯಗಳಿಗೆ ಬಂದಿತು. ಗ್ರಾಮದ ಕಾರ್ಯಕರ್ತರಿಗೆ ಹದಿನೈದು ದಿನಕ್ಕೊಮ್ಮೆ ತರಬೇತಿ, ಮೇಲಿನವರಿಗೆ ತಿಂಗಳಿಗೊಮ್ಮೆ ವಿಜ್ಞಾನಿಗಳೊಂದಿಗೆ ಕಾರ್ಯಾಗಾರ. ರೈತನ ಹೊಲದ ಸಮಸ್ಯೆ ಮೇಲೆ ಹೋಗುತ್ತಿತ್ತು, ಪರಿಹಾರ ಕೆಳಗೆ ಬರುತ್ತಿತ್ತು. ಆ ಪದ್ಧತಿಗೂ ದೋಷಗಳಿದ್ದವು, ಅದು ಅದೇ ರೂಪದಲ್ಲಿ ಉಳಿಯಲಿಲ್ಲ. ಆದರೆ ಗೊತ್ತಾದ ದಿನಕ್ಕೆ ಗೊತ್ತಾದ ಕಲಿಕೆ ಎಂಬ ಅದರ ಸೂತ್ರ ಈಗಲೂ ಒಳ್ಳೆಯದೇ.

ಎರಡು ಆಕ್ಷೇಪಣೆಗಳು

'ವೈದ್ಯರೇ ಸಾಲದು, ಇರುವವರನ್ನೂ ತರಬೇತಿಗೆ ಕಳಿಸಿದರೆ ಆಸ್ಪತ್ರೆ ಬಾಗಿಲು ಮುಚ್ಚಬೇಕು' ಎಂಬುದು ಮೊದಲನೆಯ ಆಕ್ಷೇಪಣೆ. ಇದರಲ್ಲಿ ಸತ್ಯವಿದೆ. ಐದು ಸಾವಿರ ಜಾನುವಾರು ಘಟಕಕ್ಕೆ ಒಬ್ಬ ವೈದ್ಯರು ಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲಿಯೇ ಹೇಳಿತ್ತು. 2019ರ ಗಣತಿಯಂತೆ ನಮ್ಮ ರಾಜ್ಯದಲ್ಲಿ ದನಗಳೇ 84 ಲಕ್ಷಕ್ಕೂ ಹೆಚ್ಚು. ಎಮ್ಮೆ, ಕುರಿ, ಆಡು ಇದರ ಮೇಲೆ. ಒಬ್ಬರೇ ವೈದ್ಯರು ಎರಡು ಮೂರು ಆಸ್ಪತ್ರೆ ನೋಡಿಕೊಳ್ಳುವ ತಾಲ್ಲೂಕುಗಳಿವೆ. ಖಾಲಿ ಹುದ್ದೆ ತುಂಬಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೈಗಳು ಕಡಿಮೆ ಇದ್ದಾಗಲೇ ಒಂದೊಂದು ಕೈಯೂ ಪಳಗಿರಬೇಕು. ಮೊದಲ ಭೇಟಿಯಲ್ಲೇ ರೋಗ ಗುರುತಿಸಿದರೆ ಮೂರು ಭೇಟಿ ಉಳಿಯುತ್ತದೆ.

'ಅನುಭವವೇ ದೊಡ್ಡ ಗುರು' ಎಂಬುದು ಎರಡನೆಯದು. ಇಪ್ಪತ್ತು ವರ್ಷ ಕರು ತಿರುಗಿಸಿ ತೆಗೆದ ಕೈಗೆ ಇರುವ ಜಾಣ್ಮೆ ಯಾವ ಪುಸ್ತಕದಲ್ಲಿಯೂ ಸಿಗದು, ಒಪ್ಪೋಣ. ಆದರೆ ಅನುಭವ ಕಲಿಸುವುದು ಕಂಡ ರೋಗವನ್ನು. ಕಾಣದ ರೋಗವನ್ನು ಅದು ಹೇಗೆ ಕಲಿಸೀತು? ಕೋಶ ಓದು, ದೇಶ ಸುತ್ತು ಎಂದು ಹಿರಿಯರು ಎರಡನ್ನೂ ಜೊತೆಯಾಗಿಯೇ ಹೇಳಿದ್ದಾರೆ.

ಆಗಬೇಕಾದದ್ದು ಏನು?

ಮೊದಲನೆಯದಾಗಿ, ತರಬೇತಿಗೆ ಹೋದ ವೈದ್ಯರ ಜಾಗಕ್ಕೆ ಬದಲಿ ವ್ಯವಸ್ಥೆ ಇರಬೇಕು. ಯಾವ ದಿನ ಯಾರು ಬರುತ್ತಾರೆಂದು ಒಂದು ವಾರ ಮುಂಚೆಯೇ ಹಾಲಿನ ಸೊಸೈಟಿಯ ಬೋರ್ಡಿನಲ್ಲಿ ಬರೆಯಬೇಕು. ತುರ್ತಿಗೆ 1962 ಸಂಖ್ಯೆಗೆ ಕರೆ ಮಾಡಿದರೆ ಬರುವ ಸಂಚಾರಿ ಚಿಕಿತ್ಸಾ ವಾಹನಗಳನ್ನು ಆ ದಿನಗಳಲ್ಲಿ ಅಲ್ಲಿಗೇ ಹೆಚ್ಚು ಬಳಸಿಕೊಳ್ಳಬಹುದು.

ಎರಡನೆಯದಾಗಿ, ಕಲಿಕೆ ಭಾಷಣದ ಸಭೆಯಾಗಬಾರದು. ಅರ್ಧ ದಿನ ಹಾರ ತುರಾಯಿ, ಅರ್ಧ ದಿನ ಊಟ ಎಂಬಂತಾದರೆ ಯಾರಿಗೂ ಪ್ರಯೋಜನವಿಲ್ಲ. ಪ್ರಯೋಗಾಲಯದಲ್ಲಿ ಕೈ ಕೆಲಸ, ಸ್ಕ್ಯಾನಿಂಗ್ ಅಭ್ಯಾಸ, ಮರಣೋತ್ತರ ಪರೀಕ್ಷೆ ಇವೇ ಮುಖ್ಯವಾಗಿರಲಿ. ತಿಂಗಳಿಗೊಮ್ಮೆ ತಾಲ್ಲೂಕಿನ ವೈದ್ಯರೆಲ್ಲ ಕುಳಿತು ತಾವು ಕಂಡ ಕಷ್ಟದ ಪ್ರಕರಣಗಳನ್ನು ಚರ್ಚಿಸಿದರೆ ಖರ್ಚಿಲ್ಲದೆ ದೊಡ್ಡ ಶಿಕ್ಷಣವಾಗುತ್ತದೆ.

ಮೂರನೆಯದಾಗಿ, ಔಷಧಿ ಮಾರುವವರು ನಡೆಸುವ ಸಭೆಗಳನ್ನು ಈ ಲೆಕ್ಕಕ್ಕೆ ಹಿಡಿಯಬಾರದು. ಬೀಜದ ಅಂಗಡಿಯವನೇ ತಳಿ ಶಿಫಾರಸು ಮಾಡಿದಾಗ ಏನಾಗುತ್ತದೆಂದು ನಿಮಗೆ ಗೊತ್ತು.

ನಾಲ್ಕನೆಯದಾಗಿ, ಪಶು ಪರೀಕ್ಷಕರು, ಕೃತಕ ಗರ್ಭಧಾರಣೆ ಮಾಡುವವರು ಇವರಿಗೂ ಅವರವರ ಕೆಲಸಕ್ಕೆ ತಕ್ಕ ಶಿಕ್ಷಣ ಬೇಕು. ರಾತ್ರಿ ಹೊತ್ತು ನಿಮ್ಮ ಕೊಟ್ಟಿಗೆಗೆ ಮೊದಲು ಬರುವವರು ಹೆಚ್ಚಾಗಿ ಇವರೇ.

ರೈತರ ಪಾಲು

ಇದರಲ್ಲಿ ನಿಮ್ಮ ಪಾಲೂ ಇದೆ. ವೈದ್ಯರು ಮೂರು ದಿನ ತರಬೇತಿಗೆ ಹೋದರೆ 'ಡಾಕ್ಟರು ಊರಿಗೆ ಹೋಗಿದ್ದಾರೆ' ಎಂದು ದೂರು ಬರೆಯಬೇಡಿ. ಬಂದ ಮೇಲೆ ಏನು ಕಲಿತು ಬಂದಿರೆಂದು ಗೌರವದಿಂದ ಕೇಳಿ. ಬೆಳಿಗ್ಗೆ ಹಾಲು ಹಾಕುವ ಹೊತ್ತಿನಲ್ಲಿ ಸೊಸೈಟಿಯ ಮುಂದೆ ಅರ್ಧ ಗಂಟೆ ಅವರಿಂದ ಮಾತನಾಡಿಸಿ. ಹಾಲು ಕರೆಯುವ ಹೆಣ್ಣುಮಕ್ಕಳು ಆಗ ಅಲ್ಲಿರುತ್ತಾರೆ. ಅವರಿಗೆ ತಲುಪದ ತಿಳಿವಳಿಕೆ ಕೊಟ್ಟಿಗೆಗೆ ತಲುಪಲಾರದು.

ಇಂಜೆಕ್ಷನ್ ಹಾಕದೆ ಹೋದ ಡಾಕ್ಟರು ಡಾಕ್ಟರೇ ಅಲ್ಲ ಎಂಬ ಭಾವನೆಯನ್ನು ಬಿಡಿ. ಹಾಲಿನ ಮಾದರಿ, ರಕ್ತದ ಮಾದರಿ ಕೇಳಿದರೆ ಕೊಡಿ. ದನ ಸತ್ತಾಗ ಕಾರಣ ತಿಳಿಯಲು ಮರಣೋತ್ತರ ಪರೀಕ್ಷೆಗೆ ಒಪ್ಪಿರಿ. ಆದರೆ ದನ ಇದ್ದಕ್ಕಿದ್ದಂತೆ ಸತ್ತು ಮೂಗು ಬಾಯಿ ಗುದದ್ವಾರಗಳಿಂದ ಹೆಪ್ಪುಗಟ್ಟದ ರಕ್ತ ಬಂದಿದ್ದರೆ ನೆರಡಿ ರೋಗದ ಶಂಕೆ ಇರುತ್ತದೆ. ಅಂಥ ಹೆಣವನ್ನು ಯಾರೂ ಕೊಯ್ಯಬಾರದು, ಚರ್ಮ ಸುಲಿಯಬಾರದು. ಹೆಣದ ಬಳಿ ಯಾರನ್ನೂ ಬಿಡದೆ ವೈದ್ಯರಿಗೆ ಸುದ್ದಿ ಮುಟ್ಟಿಸಿ. ಪ್ರತಿ ಹಸುವಿಗೂ ಒಂದು ನೋಟ್‌ಬುಕ್ ಇಟ್ಟು ಬೆದೆಯ ದಿನ, ಗರ್ಭಧಾರಣೆಯ ದಿನ, ಲಸಿಕೆ, ಕೊಟ್ಟ ಮದ್ದು ಬರೆದಿಡಿ. ವೈದ್ಯರು ಕಲಿಯುವ ಪಾಠಗಳಲ್ಲಿ ನಿಮ್ಮ ನೋಟ್‌ಬುಕ್ಕೂ ಒಂದು.

ಕೊನೆಯದಾಗಿ, ಮುಂದಿನ ಗ್ರಾಮಸಭೆಯಲ್ಲಿ ಅಥವಾ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಒಂದು ನಿರ್ಣಯ ಮಾಡಿ. ನಮ್ಮ ಆಸ್ಪತ್ರೆಯ ವೈದ್ಯರಿಗೂ ಸಿಬ್ಬಂದಿಗೂ ವರ್ಷಕ್ಕೆ ಇಂತಿಷ್ಟು ದಿನ ತರಬೇತಿ, ಆ ದಿನಗಳಿಗೆ ಬದಲಿ ವೈದ್ಯರು, ನೋಂದಣಿ ನವೀಕರಣಕ್ಕೆ ಕಲಿಕೆಯ ದಾಖಲೆ, ಈ ಮೂರನ್ನು ಬರೆದು ಜಿಲ್ಲೆಯ ಪಶುಸಂಗೋಪನೆ ಇಲಾಖೆಗೂ ಹಾಲು ಒಕ್ಕೂಟಕ್ಕೂ ಕಳಿಸಿ. ರಸ್ತೆ ಬೇಕು, ದೀಪ ಬೇಕು ಎಂದು ಅರ್ಜಿ ಬರೆಯುವ ಊರು ಇದನ್ನೂ ಬರೆಯಬಹುದು. ವಾಚನಾಲಯದಲ್ಲಿ ಈ ಪುಟ ಓದುತ್ತಿರುವ ನಾಲ್ಕು ಜನ ಸೇರಿದರೆ ಅರ್ಜಿ ಈ ವಾರವೇ ಸಿದ್ಧವಾದೀತು.